ಸೋಮವಾರ ಹೊರಡುವ ಹಡಗು

ರೀ,

ಅಡುಗೆ ಮಾಡಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಗ್ಯಾಸ್ ಆರಿಸಲು ಮರೆಯಬೇಡಿ.

ನಾನು ಅಕ್ಕನ ಮನೆಗೆ ಹೊರಟೆ. ಸೋಮವಾರ ಅವಳಿಗೆ ಆಪರೇಷನ್. ನಮ್ಮಿಬ್ಬರ ಪ್ರವಾಸಕ್ಕೆಂದು ನೀವು ಬುಕ್ ಮಾಡಿದ ಹಡಗೂ ಅದೇ ಸೋಮವಾರ ಹೊರಡುತ್ತದೆಂದು ನನಗೆ ತಿಳಿದದ್ದು ನಿನ್ನೆ, ನೀವು ಅಟ್ಟದಿಂದ ಸೂಟ್‌ಕೇಸ್ ಇಳಿಸಿದಾಗ.

"ಬುಕ್ ಮಾಡ್ಲಾ ಅಂತ ಕೇಳಿದ್ನಲ್ಲೇ, ಹ್ಞೂಂ ಅಂದ್ಯಲ್ಲ!" ಎಂದಿರಿ. ಅಂದದ್ದು ನಿಜ. ಅಜ್ಜ ಪದ್ಯ ಓದುವಾಗ ಸಾಲುಸಾಲಿಗೂ ಹ್ಞೂಂಗುಟ್ಟಿ ಬೆಳೆದವಳು ನಾನು. ಯಾರು ಏನು ಓದಿದರೂ ಬಾಯಿ ತಾನಾಗಿ ಹ್ಞೂಂ ಅನ್ನುತ್ತದೆ. ನೀವೋ ಹಡಗು ಪ್ರವಾಸದ ಜಾಹೀರಾತುಗಳನ್ನು ತಿಂಗಳುಗಟ್ಟಲೆ ಓದಿದಿರಿ. ಈ ಕಂಪನಿಯ ಸೂಟಿನಲ್ಲಿ, ಅಂದರೆ ಹಡಗಿನ ದುಬಾರಿ ಕೋಣೆಯಲ್ಲಿ, ಬಾತ್‌ಟಬ್ ಇದೆ, ಬಾಲ್ಕನಿ ಕಿರಿದು. ಆ ಕಂಪನಿಯಲ್ಲಿ ಬಾಲ್ಕನಿ ದೊಡ್ಡದು, ಆದರೆ ಅವರು ಹೇಳಿದ ಹೊತ್ತಿಗೇ ಊಟ. ಇನ್ನೊಂದರಲ್ಲಿ ಸೂಟಿನವರಿಗೆಂದೇ ಬೇರೆ ರೆಸ್ಟೋರೆಂಟು, ಹಸಿವಾದಾಗ ಹೋಗಿ ಕೂತರಾಯಿತು. ಇಷ್ಟೆಲ್ಲ ಅಳೆದು ತೂಗಿದವರು ತಾರೀಖನ್ನು ಮಾತ್ರ ನೋಡಲಿಲ್ಲ. ಆಪರೇಷನ್ ಯಾವತ್ತೆಂದು ನಾನು ಎಷ್ಟು ಸಲ ಹೇಳಿದ್ದೆ! ಆಗ ಹ್ಞೂಂ ಅನ್ನುವಷ್ಟು ಪುರುಸೊತ್ತೂ ನಿಮಗಿರಲಿಲ್ಲ.

ನಿನ್ನೆ ತಿಳಿದ ಮೇಲಾದರೂ ಏನಂದಿರಿ? "ಅಕ್ಕನ ಹತ್ರ ಡಾಕ್ಟರು ಇರ್ತಾರೆ, ನೀನು ಹೋಗಿ ಏನ್ ಮಾಡ್ತೀಯ?" ಆ ಮಾತು ಕೇಳಿದ ಮೇಲೆಯೇ ನನ್ನ ಬ್ಯಾಗು ತುಂಬಿಕೊಂಡೆ.

ನಿಮ್ಮ ಬಿಪಿ ಮಾತ್ರೆ ಸೂಟ್‌ಕೇಸಿನ ಪಕ್ಕದ ಜೇಬಿನಲ್ಲಿದೆ. ಎಂಥ ದೊಡ್ಡ ರೆಸ್ಟೋರೆಂಟಾದರೂ ಉಪ್ಪು ಕಡಿಮೆ ಹಾಕಲು ಹೇಳಿ, ನಾಚಬೇಡಿ. ನನ್ನ ಬದಲಿಗೆ ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗಿ.

ನೀವೇಕೆ ಬರಲಿಲ್ಲವೆಂದು ಅಕ್ಕ ಕೇಳಿದರೆ, ರಜೆ ಸಿಗಲಿಲ್ಲ ಅನ್ನುತ್ತೇನೆ. ದೇವರು ಕ್ಷಮಿಸಲಿ, ನಿಮಗಾಗಿ ಹೇಳುವ ಸುಳ್ಳು ಇದೇ ಕೊನೆಯದು.