ನಾಲ್ಕನೇ ಬೆರಳು

ಮಂಗಳವಾರ, ಮಲಗೋ ಹೊತ್ತು ಮೀರಿದೆ

ದೊಡ್ಡಮ್ಮಾ,

ಇವತ್ತು ದಿನವೇ ಸರಿಯಿಲ್ಲ, ಅದೂ ಸಾಲದು ಅಂತ ಸಂಜೆ ಬಸ್ಸೂ ಕೈ ಕೊಡ್ತು. ಬೆಳಿಗ್ಗೆಯಿಂದ ಹೀಗೇ. ನೃತ್ಯಶಾಲೆಯ ಪಿಯಾನೋದಲ್ಲಿ ಎರಡು ಕೀ ಒತ್ತಿದ್ರೆ ಮೇಲೇಳಲ್ಲ. ಒಂದು ಕೈಯಲ್ಲಿ ಬಾರಿಸ್ತಾ ಇನ್ನೊಂದು ಕೈಯಲ್ಲಿ ಅವನ್ನ ಎಬ್ಬಿಸ್ತಾ ಇರಬೇಕು. ಮಕ್ಕಳು ಕಾಲೆತ್ತೋದಕ್ಕೆ ಒಂದೇ ಸಾಲನ್ನ ಮೂವತ್ತು ಸಲ ಬಾರಿಸಿದೆ. ಅಷ್ಟಾದ್ಮೇಲೆ ನೃತ್ಯದ ಮೇಡಂ, "ಸ್ವಲ್ಪ ನಿಧಾನ ತಾಯಿ, ಮಕ್ಕಳು ಕುಣೀತಿದಾರೋ ಬೆಂಕಿಯಿಂದ ಓಡ್ತಿದಾರೋ ಗೊತ್ತಾಗ್ತಿಲ್ಲ" ಅಂದ್ರು. ನಿನ್ನ ನೆನಪಾಯ್ತು. "ಗಡಿಬಿಡಿ, ಯಾವ ರೈಲು ಹಿಡೀಬೇಕೇ ನೀನು?" ಅಂತಿದ್ದೆಯಲ್ಲ. ಆ ಹೆಸರೇ ಉಳಿದುಬಿಡ್ತು.

ದನಿ ರೆಕಾರ್ಡ್ ಮಾಡಿ ಕಳಿಸಿದ್ರೆ ನೀನು ಕೇಳಲ್ಲ. ಮಧ್ಯೆ ಬಾಯಿ ಹಾಕೋಕಾಗದ ಮಾತು ಅದೆಂಥ ಮಾತು ಅಂತೀಯ. ಅದಕ್ಕೇ ನಾನು ಹೇಳ್ತಾ ಹೋಗ್ತೀನಿ, ಫೋನು ಅಕ್ಷರ ಮಾಡುತ್ತೆ. ಕನ್ನಡಕ ಹಾಕ್ಕೊಂಡು ಕಾಗದದ ಹಾಗೆ ಓದು. ನನ್ನ ಜೊತೆಗಿರೋ ಹುಡುಗಿ ಬೇಕರಿ ಕೆಲಸಕ್ಕೆ ನಾಲ್ಕಕ್ಕೇ ಏಳಬೇಕು, ಹಾಗಾಗಿ ಹೊರಗೆ ಮೆಟ್ಟಿಲ ಮೇಲೆ ಕೂತು ಪಿಸುಗುಟ್ಟುತ್ತಿದೀನಿ.

ಕೆಲಸ ಸಿಕ್ಕಿತು. ಸಂಗೀತ ಶಾಲೆಯಲ್ಲಿ, ಪಿಯಾನೋ ಟೀಚರ್ ಕೆಲಸ. ಇಲ್ಲೇ ಓದು ನಿಲ್ಲಿಸಿ ಅಮ್ಮನಿಗೆ ಫೋನ್ ಮಾಡಬೇಡ. ಪೂರ್ತಿ ಓದು.

ಮಧ್ಯಾಹ್ನ ಸಂದರ್ಶನಕ್ಕೆ ಹೋದಾಗ ಮೂರು ಜನ ಕೂತಿದ್ರು. ಮೇಜಿನ ಮೇಲೆ ಒಂದು ನೀರಿನ ಜಗ್ಗು, ಮೂರೇ ಗ್ಲಾಸು. ನಡುವೆ ಇದ್ದವರು ಶಾಲೆಯ ಹಿರಿಯ ಮೇಷ್ಟ್ರು, ಹುಬ್ಬೆಲ್ಲಾ ಬೆಳ್ಳಗಾಗಿದೆ. ನಾನು ನಿನ್ನ ಆ ಕಂದು ರಟ್ಟಿನ ಪುಸ್ತಕ ಇಟ್ಕೊಂಡು ಬಾರಿಸಿದೆ, ಈ ದೇಶಕ್ಕೆ ಹೊರಡೋ ದಿನ ನೀನು ಬಟ್ಟೆಗಳ ಮಧ್ಯೆ ತುರುಕಿದ್ಯಲ್ಲ, ಅದೇ. ಎರಡನೇ ಪುಟಕ್ಕೆ ಬರೋಷ್ಟರಲ್ಲಿ ಮೇಷ್ಟ್ರು ಎದ್ದು ಬಂದು ನನ್ನ ಎಡಗಡೆ ನಿಂತ್ರು. ಪುಸ್ತಕ ನೋಡಲಿಲ್ಲ, ಮುಖ ನೋಡಲಿಲ್ಲ. ಕೈ ನೋಡ್ತಿದ್ರು.

"ನಿಲ್ಲಿಸಿ. ಎಡಗೈ ಮಾತ್ರ ಬಾರಿಸಿ."

ಬಾರಿಸಿದೆ.

"ಈ ಉಂಗುರದ ಬೆರಳೇನು ರಜದಲ್ಲಿದೆಯಾ?" ಅಂದ್ರು. ಉಳಿದಿಬ್ಬರು ನಕ್ಕರು. "ಅದು ಬೀಳಬೇಕಾದ ಕಡೆಯೆಲ್ಲಾ ನಡುಬೆರಳು ಹಾರಿ ಬರ್ತಿದೆ. ಒಂದೆರಡು ಕಡೆಯಲ್ಲ, ಉದ್ದಕ್ಕೂ. ಯಾರಮ್ಮಾ ನಿಮಗೆ ಕಲಿಸಿದ್ದು?"

ದೊಡ್ಡಮ್ಮಾ, ನಾನು ಯೋಚನೆ ಮಾಡಿ ಹೇಳಿದ್ರೆ ಬೇರೆ ಮಾತು. ಯೋಚನೆಯನ್ನೇ ಮಾಡಲಿಲ್ಲ. "ಪಕ್ಕದ ಮನೆಯವರೊಬ್ಬರು" ಅಂದೆ. "ಹೊತ್ತು ಹೋಗಲಿ ಅಂತ ಬೀದಿಯ ಮಕ್ಕಳಿಗೆ ಹೇಳಿಕೊಡ್ತಿದ್ರು."

ಹನ್ನೊಂದು ವರ್ಷ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಬಾರಿಸಿದವಳು ನೀನು. ನಿನ್ನನ್ನ ಒಂದೇ ಉಸಿರಲ್ಲಿ ಪಕ್ಕದ ಮನೆಗೆ ಕಳಿಸಿಬಿಟ್ಟೆ.

ಮೇಷ್ಟ್ರು ಬೈಯಲೂ ಇಲ್ಲ. "ಪಾಪ, ಅವರಿಗೆ ತಿಳಿದಷ್ಟು. ಅಂಥವರ ಹತ್ತಿರ ಕಲಿತೂ ಇಷ್ಟು ಬಾರಿಸ್ತೀರಲ್ಲ, ಅದೇ ದೊಡ್ಡದು" ಅಂದ್ರು. ಮೂರು ತಿಂಗಳು ಅವರೇ ಕೂರಿಸಿಕೊಂಡು ಕೈ ತಿದ್ದುತ್ತಾರಂತೆ, ಆಮೇಲೆ ನನಗೆ ಮಕ್ಕಳನ್ನ ಒಪ್ಪಿಸ್ತಾರಂತೆ. ಗೊತ್ತಾಯ್ತಾ? ನಿನ್ನನ್ನ ಏನೂ ಬಾರದವಳು ಮಾಡಿದ್ದಕ್ಕೇ ನಾನು ಜಾಣೆಯಾದೆ. "ತುಂಬಾ ಥ್ಯಾಂಕ್ಸ್ ಸರ್" ಅಂತ ತಲೆ ಬಗ್ಗಿಸಿ ಬಂದೆ.

ರೂಮಿಗೆ ಬಂದು ಪುಸ್ತಕ ತೆಗೆದೆ. ಸ್ವರಗಳ ಕೆಳಗೆ ನಿನ್ನ ಪೆನ್ಸಿಲ್ ಅಂಕಿಗಳು, ಯಾವ ಸ್ವರಕ್ಕೆ ಯಾವ ಬೆರಳು ಅಂತ. ಎಡಗೈಯಲ್ಲಿ ಒಂದು ಇದೆ, ಎರಡು ಇದೆ, ಮೂರು ಇದೆ, ಐದು ಇದೆ. ನಾಲ್ಕು, ಅಂದ್ರೆ ಉಂಗುರದ ಬೆರಳು, ಎಲ್ಲೂ ಇಲ್ಲ. ಪುಟವನ್ನ ದೀಪಕ್ಕೆ ಹಿಡಿದೆ. ಎಷ್ಟೋ ಮೂರುಗಳ ಕೆಳಗೆ ಬ್ಲೇಡಿನಲ್ಲಿ ಕೆರೆದ ಗುರುತು, ಅದರಡಿ ಮಸುಕಾಗಿ ನಾಲ್ಕು. ಇಂಕಿನಲ್ಲಿ, ನಿನ್ನ ಹಳೇ ಕೈಬರಹದಲ್ಲಿ. ಆಗ ಅರ್ಥ ಆಯ್ತು ನನಗೆ.

"ನನ್ನ ಕೈ ತೋರಿಸಲಾಗದ್ದನ್ನ ನನ್ನ ಬಾಯಿ ಕಲಿಸಲ್ಲ" ಅಂತಿದ್ದೆ ನೀನು. ನಾವೆಲ್ಲಾ ಅದನ್ನ ನಿನ್ನ ಶಿಸ್ತು ಅಂದ್ಕೊಂಡಿದ್ವಿ. ನಿನ್ನ ಬೆರಳು ಮಾತು ಕೇಳಲಿಲ್ಲ, ನೀನು ಇಡೀ ಪುಸ್ತಕವನ್ನೇ ನಿನ್ನ ಕೈಯಳತೆಗೆ ಹೊಲಿದೆ. ನಿನ್ನ ಹತ್ತಿರ ಕಲಿತ ಮೂವತ್ತು ಮಕ್ಕಳು ಅದೇ ಅಂಗಿ ತೊಟ್ಟು ಬೆಳೆದ್ವಿ.

ಮನೆಯಲ್ಲಿ ಮಾತ್ರ ಬೇರೇನೇ ಕಥೆ. ಅಮ್ಮ ಕೆಲಸ ಅಂತ ದೂರದೂರಿಗೆ ಹೋದಳು, ಎಳೇ ಕೂಸಾಗಿದ್ದ ನನ್ನನ್ನ ಸಾಕೋದಕ್ಕೆ ನೀನು ವೇದಿಕೆ ಬಿಟ್ಟೆ ಅಂತ. ಮಾವಂದಿರು, ಅತ್ತೆಯಂದಿರು, ಯಾರು ಬಂದ್ರೂ ನನ್ನ ಕೆನ್ನೆ ಹಿಂಡಿ, "ಇವಳಿಗೋಸ್ಕರ ನೋಡು" ಅಂತಿದ್ರು. ನೀನು ತಟ್ಟೆ ಒರೆಸ್ತಾನೇ ಇರ್ತಿದ್ದೆ. ನನಗೆ ಕೋಪ ಇಲ್ಲ. ಇದೆ, ಸ್ವಲ್ಪ ಇದೆ. ಆದ್ರೆ ಬೆರಳು ಮಡಚಿಕೊಳ್ತು ಅಂತ ಹೇಳೋದಕ್ಕಿಂತ ಮಗು ಅಳ್ತು ಅಂತ ಹೇಳೋದು ನಿನಗೆ ಸುಲಭ ಆಗಿತ್ತೇನೋ. ಪಕ್ಕದ ಮನೆಯವರು ಅಂತ ಹೇಳೋದು ಎಷ್ಟು ಸುಲಭ ಅಂತ ಇವತ್ತು ನಾನೂ ನೋಡಿದೆನಲ್ಲ.

ಪಿಯಾನೋ ಸ್ಟೂಲ್ ಮೇಲೆ ಕೂತ್ರೆ ಟೀಚರ್, ನೀವು. ಎದ್ದು ಊಟಕ್ಕೆ ಬಂದ್ರೆ ದೊಡ್ಡಮ್ಮ, ನೀನು. ಹಾಗಂತ ನೀನೇ ನಿಯಮ ಮಾಡಿದ್ದೆ. ಮರೆತು ಸ್ಟೂಲ್ ಮೇಲೆ ದೊಡ್ಡಮ್ಮ ಅಂದ್ರೆ ಮತ್ತೆ ಮೊದಲಿಂದ ಬಾರಿಸಬೇಕಿತ್ತು. ಇವತ್ತು ಸ್ಟೂಲ್ ಮೇಲೇ ಕೂತಿದ್ದೆ. ಎರಡರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ನಾಳೆ ಒಂಬತ್ತಕ್ಕೆ ಕಾಗದಕ್ಕೆ ಸಹಿ ಹಾಕಬೇಕು. ಹಾಕೋ ಮೊದಲು ಮೇಷ್ಟ್ರಿಗೆ ಹೇಳ್ತೀನಿ, ನನಗೆ ಕಲಿಸಿದ್ದು ನನ್ನ ದೊಡ್ಡಮ್ಮ, ಅವರು ವೇದಿಕೆಯಲ್ಲಿ ಬಾರಿಸಿದವರು, ನಾನು ಸುಳ್ಳು ಹೇಳಿದೆ ಅಂತ. ಸುಳ್ಳು ಹೇಳಿದವಳಿಗೆ ಮಕ್ಕಳನ್ನ ಒಪ್ಪಿಸಲ್ಲ ಅಂದ್ರೂ ಅನ್ನಬಹುದು. ಅಂದ್ರೆ ವಾಪಸ್ ಕಾಲೆತ್ತಿಸೋ ಕೆಲಸ, ಅಷ್ಟೇ. ಆದ್ರೆ ಬೆರಳಿನ ವಿಷಯ ನಿನ್ನದು. ಅದನ್ನ ಹೇಳದಿದ್ರೆ, ಅಷ್ಟು ದೊಡ್ಡವರು ಹೀಗೆ ತಪ್ಪು ಕಲಿಸಿದ್ರಾ ಅಂತ ನಿನ್ನನ್ನೇ ಆಡಿಕೊಳ್ತಾರೆ. ಹೇಳಿದ್ರೆ, ಇಷ್ಟು ವರ್ಷ ನೀನು ಮುಚ್ಚಿಟ್ಟಿದ್ದನ್ನ ಬೀದಿಗೆ ಹಾಕಿದ ಹಾಗೆ. ನೀನು ಹೂಂ ಅನ್ನೋವರೆಗೂ ಬೆರಳಿನ ಬಗ್ಗೆ ನಾನು ಬಾಯಿ ಬಿಡಲ್ಲ.

ನಿನ್ನ,
ಗಡಿಬಿಡಿ

ಇನ್ನೊಂದು ಮಾತು. ಕೆರೆದ ಗುರುತು ಇವತ್ತು ಕಂಡಿದ್ದು ನಿಜ. ಆಗಲೇ ಅರ್ಥ ಆಗಿದ್ದು ಅಂದೆನಲ್ಲ, ಅದು ಸುಳ್ಳು. ಹನ್ನೆರಡು ವರ್ಷದವಳಿದ್ದಾಗ ಒಂದಿನ ಛತ್ರಿ ಮರೆತು ಶಾಲೆಯ ದಾರಿಯಿಂದ ವಾಪಸ್ ಬಂದಿದ್ದೆ. ಬಾಗಿಲು ಓರೆ ಇತ್ತು. ನೀನು ಆ ಬೆರಳಿಗೆ ಐಸ್‌ಕ್ರೀಮ್ ಕಡ್ಡಿ ಇಟ್ಟು ಬಟ್ಟೆ ಪಟ್ಟಿ ಸುತ್ತಿ, ಒಂದೇ ಕೀ ಮೇಲೆ ಮತ್ತೆ ಮತ್ತೆ ಇಳಿಸ್ತಿದ್ದೆ. ಅದು ಕಡ್ಡಿ ಸಮೇತ ಒಳಗೆ ಮಡಚಿಕೊಳ್ತಿತ್ತು. "ಏಳೇ, ಏಳೇ ನಮ್ಮಮ್ಮ" ಅಂತಿದ್ದೆ, ಬೆಳಿಗ್ಗೆ ನನ್ನನ್ನ ಎಬ್ಬಿಸೋ ಅದೇ ದನಿಯಲ್ಲಿ. ನಾನು ಸದ್ದಿಲ್ಲದೆ ಕೆಳಗಿಳಿದು, ಧಡಧಡ ಕಾಲು ಬಡಿದುಕೊಂಡು ಮತ್ತೆ ಮೇಲೆ ಬಂದೆ. ನೀನು ಎಡಗೈ ಬೆನ್ನ ಹಿಂದಿಟ್ಕೊಂಡು ಬಲಗೈಯಲ್ಲಿ ಛತ್ರಿ ಕೊಟ್ಟೆ. ಮೇಷ್ಟ್ರು ಯಾರು ಕಲಿಸಿದ್ದು ಅಂದಾಗ ನನ್ನ ಕಣ್ಣಿಗೆ ಬಂದದ್ದು ಆ ಕೈಯೇ. ಬಂದಮೇಲೂ ಪಕ್ಕದ ಮನೆಯವರು ಅಂದೆ.

ಬೆಳಿಗ್ಗೆ ಫೋನ್ ಮಾಡು. ಎಂಟಕ್ಕೆ ಬಸ್ಸಲ್ಲಿರ್ತೀನಿ, ಅಲ್ಲಿ ಜನ ಇರ್ತಾರೆ. ಏಳಕ್ಕೆ ಮಾಡು, ನಿನ್ನ ಗಡಿಯಾರದಲ್ಲಿ ಹನ್ನೊಂದೂವರೆ.