ಅಳಿಯ ಸುಟ್ಟ ಕೋಟು

ಮಾರ್ಚ್ ೧೧, ಮಂಗಳವಾರ. ನಿದ್ದೆ ಹತ್ತುತ್ತಿಲ್ಲ.

ನಮ್ಮ ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಸುಟ್ಟವರೇ ಗಿರಾಕಿಯ ಮುಂದೆ ನಿಂತು ಒಪ್ಪಿಕೊಳ್ಳಬೇಕು. ಹೋದ ತಿಂಗಳು ನಾನು ಅಂಗಿಯ ತೋಳು ಸುಟ್ಟಾಗ ಯಜಮಾನ, "ನ್ಯಾಯ ಎಲ್ಲರಿಗೂ ಒಂದೇ ಕಣಮ್ಮ" ಎಂದು ಬಾಗಿಲಲ್ಲಿ ನಿಲ್ಲಿಸಿದ್ದ.

ಇವತ್ತು ಅವನ ಅಳಿಯರಾಯ ಮದುಮಗನ ಕೋಟನ್ನೇ ಸುಟ್ಟ.

ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ. "ಪಾಪ, ಹೊಸಬ. ಸ್ವಲ್ಪ ಕರುಣೆ ಬೇಡ್ವಾ? ನಾಳೆ ನೀನೇ ಸುಟ್ಟೆ ಅಂತ ಹೇಳ್ಬಿಡು, ನಿಂಗೆ ಬೈಸ್ಕೊಂಡು ಅಭ್ಯಾಸ ಇದೆ."

ಅಳಿಯ ಹಲ್ಲು ಕಿಸಿದ.

ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡುವುದು ಕೇಳಿದ್ದೆ. ಇಲ್ಲಿ ಮಾವ ನನ್ನ ಮಾನವನ್ನೇ ಅಳಿಯನಿಗೆ ದಾನ ಕೊಟ್ಟ. ಥೂ, ಇವನ ಕರುಣೆಗೆ.

ನಾನೂ ಹೂಂ ಅಂದು ಬಂದಿದ್ದೇನೆ. ಒಪ್ಪದಿದ್ದರೆ ಕೆಲಸ ಹೋಗುತ್ತದೆ. ಒಪ್ಪಿದರೂ ಎರಡನೇ ತಪ್ಪು ಅಂತ ಕಳಿಸಬಹುದು. ಹೇಗೂ ಹೋಗುವುದಾದರೆ ನಿಜ ಹೇಳಿಯೇ ಹೋಗೋಣ ಅಂದರೆ, ಈ ಹಾಳು ನಾಲಿಗೆ ಗಿರಾಕಿಯ ಮುಖ ಕಂಡೊಡನೆ "ನಾನೇ ಸುಟ್ಟೆ, ತಪ್ಪಾಯ್ತು" ಅಂದುಬಿಡುತ್ತದೆ.