ತೊಳೆದಿಟ್ಟ ತಾಮ್ರದ ಕಾಸು

ಅಂಗಡಿಯ ಮೇಲಿನ ಮನೆ,
ನವೆಂಬರ್ ೯, ಭಾನುವಾರ

ಮುದ್ದಿನ ಮಗಳೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ಹೊತ್ತುಹೊತ್ತಿಗೆ ಉಣಿಸಿ, ನೀನು ಮಾತ್ರ ಬಿಸ್ಕತ್ತು ತಿಂದು ಮಲಗುತ್ತೀಯೆಂದು ನನಗೆ ಗೊತ್ತು. ನನ್ನ ಮಂಡಿ ಇದ್ದ ಹಾಗೇ ಇದೆ, ಅದಕ್ಕೂ ನನ್ನಷ್ಟೇ ಹಟ.

ನಿಮ್ಮಪ್ಪ ಗಟ್ಟಿಯಾಗಿದ್ದಾರೆ. ದಿನವೂ ಕೆಳಗಿಳಿದು ಅಂಗಡಿ ತೆಗೆಯುತ್ತಾರೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚುತ್ತಾರೆ. ಆದರೆ ಒಂದು ವಿಷಯ. ಅವರು ಕೂಡಿಟ್ಟಿರುವ, ಪರಂಗಿಯವರ ಕಾಲದ ಆ ತಾಮ್ರದ ಕಾಸುಗಳು, ನನ್ನ ಸವತಿಯರು, ನಿನಗೆ ಗೊತ್ತಲ್ಲ. ಅವಕ್ಕಾದ ಉಪಚಾರ ನನಗೆ ಬಾಣಂತನದಲ್ಲೂ ಆಗಲಿಲ್ಲ. ಅಂಚು ಹಿಡಿದೇ ಎತ್ತಬೇಕು, ಮುಖ ಮುಟ್ಟಬಾರದು. ಚಿಕ್ಕವಳಿದ್ದಾಗ ನೀನು ಫ್ರಾಕಿನಿಂದ ಒಂದನ್ನು ಒರೆಸಿದ್ದಕ್ಕೆ, "ಆ ಕಪ್ಪು ಕೊಳೆಯಲ್ಲ ಕಣೇ, ಅದರ ವಯಸ್ಸು. ಅದನ್ನ ತೆಗೆದ್ರೆ ಇನ್ನೇನುಳೀತು?" ಎಂದು ಎಷ್ಟು ರಂಪ ಮಾಡಿದ್ದರು!

ಮೊನ್ನೆ ಮಧ್ಯಾಹ್ನ ನೋಡುತ್ತೇನೆ, ಅಡುಗೆಮನೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಅವರೇ ಅವನ್ನೆಲ್ಲ ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದಾರೆ. "ಏನ್ರೀ ಇದು?" ಎಂದರೆ, "ಯಾರೋ ಕೊಳೆ ಮಾಡಿಟ್ಟಿದಾರೆ, ತೊಳೀತಿದೀನಿ" ಎಂದು ನಕ್ಕರು. ಎಲ್ಲವೂ ನಿನ್ನೆ ಟಂಕಿಸಿದ ಹಾಗೆ ಥಳಥಳ ಹೊಳೆಯುತ್ತಿದ್ದವು. ಇಷ್ಟು ವರ್ಷ ಆ ಕಾಸುಗಳಿಗೆ ಹಿಡಿಶಾಪ ಹಾಕಿದವಳು ಅವತ್ತು ಪಕ್ಕದಲ್ಲಿ ಕೂತು ಒಂದೊಂದನ್ನೇ ಒರೆಸಿಕೊಟ್ಟೆ.

ಅವರ ಜೊತೆ ಕಾಸು ಅದಲುಬದಲು ಮಾಡುವ ಮೇಷ್ಟ್ರು ಸಂಜೆ ಬಂದರು. ಕಾಸಿನ ಪೆಟ್ಟಿಗೆ ತೆರೆದು ನೋಡಿ, ಮುಚ್ಚಿದರು. "ಡಾಕ್ಟರಿಗೆ ತೋರಿಸಿ ಅತ್ತಿಗೆ" ಎಂದವರು ಕಾಫಿಗೂ ನಿಲ್ಲಲಿಲ್ಲ. ಗಿರಾಕಿಗಳಿಗೆ ತಿಳಿಯಬಾರದೆಂದು ಈಗ ನಾನೂ ಹೆಣಿಗೆ ಹಿಡಿದುಕೊಂಡು ಅಂಗಡಿಯಲ್ಲೇ ಕೂರುತ್ತೇನೆ. ನನಗೆ ಭಯವಾಗುತ್ತಿದೆ, ಮಗಳೇ. ನೀನು ಇಂಥವರನ್ನು ದಿನಾ ನೋಡುವವಳು. ಇದು ಬರೀ ವಯಸ್ಸಿನ ಮರೆವೋ, ಇನ್ನೇನೋ, ಮುಚ್ಚಿಡದೆ ಬರೆ. ರಜೆ ಸಿಕ್ಕರೆ ಬಾ, ಸಿಗದಿದ್ದರೆ ಅವಸರವಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು, ತಾಯಿ.

ನಿನ್ನ ಅಮ್ಮ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ರಜೆ ಸಿಗದಿದ್ದರೂ ಬಾ. ಬಂದವಳು ಬಾಗಿಲಲ್ಲೇ "ಅಪ್ಪಾ, ನಾನು ನಿನ್ನ ಮಗಳು" ಎಂದುಬಿಡು, ಅವರೇ ಗುರುತು ಹಿಡಿಯಲಿ ಎಂದು ಕಾಯಬೇಡ. ಇವತ್ತು ಬೆಳಿಗ್ಗೆ ಕಾಫಿ ಕೊಡಲು ಹೋದೆ. ಎದ್ದು ನಿಂತು, ಬಹಳ ಮರ್ಯಾದೆಯಿಂದ, "ನಮ್ಮ ಮನೆಯವಳು ಎಲ್ಲಿ ಹೋದಳಮ್ಮ?" ಎಂದು ನನ್ನನ್ನೇ ಕೇಳಿದರು. "ಒಳಗಿದಾರೆ, ಈಗ ಬರ್ತಾರೆ" ಎಂದೆ.